ಗೆಳೆಯನ ಕೀ ಸೇರಿಸಲು ಆಗುತ್ತಿಲ್ಲ

ಪ್ರಶ್ನೆ: ಕುಮಟಾದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದುಬೈಯಲ್ಲಿರುವ ಭಟ್ಕಳದ ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ, ಗುಪ್ತ ಇಮೇಲ್‌ಗೆ ಬೇಕಾದ ಪಬ್ಲಿಕ್ ಕೀ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ಗೆ ಸೇರುತ್ತಿಲ್ಲ. ಕೀ ಸರ್ವರ್‌ನಿಂದ ಇಳಿಸಿಕೊಂಡರೂ ಅದೇ ಪಾಡು.

ಉತ್ತರ: ವಾಟ್ಸಾಪ್ ಪಠ್ಯವನ್ನು ಬಿಟ್ಟುಬಿಡಿ. ಕೀಯ ಮೊದಲ, ಕೊನೆಯ ಸಾಲುಗಳಲ್ಲಿ ಒಂದು ಅಡ್ಡಗೆರೆ ತಪ್ಪಿದರೂ ತಂತ್ರಾಂಶ ಅದನ್ನು ಕೀ ಎಂದು ಗುರುತಿಸುವುದಿಲ್ಲ. ಕೀಯನ್ನು ಎಕ್ಸ್‌ಪೋರ್ಟ್ ಮಾಡಿ, ಫೈಲ್ ಆಗಿಯೇ ಇಮೇಲ್‌ಗೆ ಲಗತ್ತಿಸಲು ಹೇಳಿ.

ಸರ್ವರ್‌ನದು ಬೇರೆ ಕಥೆ. 2019ರಲ್ಲಿ ಶುರುವಾದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್, ಮಾಲೀಕರು ಇಮೇಲ್ ದೃಢಪಡಿಸುವ ತನಕ ಕೀಯಿಂದ ಹೆಸರು, ವಿಳಾಸ ತೆಗೆದೇ ಕೊಡುತ್ತದೆ. ಹೆಸರಿಲ್ಲದ ಕೀ ನಿಮಗೆ ಉಪಯೋಗಕ್ಕಿಲ್ಲ. ಗೆಳೆಯ ಅಲ್ಲಿಂದ ಬರುವ ದೃಢೀಕರಣದ ಕೊಂಡಿ ಒತ್ತಿದರೆ ಸರಿಹೋದೀತು.

ಕೀ ಸೇರಿದ ಮೇಲೆ ಫೋನ್ ಮಾಡಿ, ಪರಿಚಿತ ದನಿ ಕೇಳಿಸಿಕೊಂಡು, ಕೀಯ ಗುರುತಾದ ಫಿಂಗರ್‌ಪ್ರಿಂಟ್‌ನ 40 ಅಕ್ಷರ–ಅಂಕಿಗಳನ್ನು ಪೂರ್ತಿ ಹೋಲಿಸಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಆಮೇಲಷ್ಟೇ ಆ ಕೀಯನ್ನು ಒಪ್ಪಿಕೊಳ್ಳಿ.

ಬಂದ ಪಠ್ಯದಲ್ಲಿ ‘ಪ್ರೈವೇಟ್ ಕೀ’ ಎಂದಿದ್ದರೆ ತಕ್ಷಣ ಅಳಿಸಿ. ಗೆಳೆಯ ಆ ಕೀಯನ್ನು ರದ್ದುಮಾಡಿ ಹೊಸದು ಮಾಡಿಕೊಳ್ಳಲಿ. ಫಿಂಗರ್‌ಪ್ರಿಂಟ್ ಹೊಂದದೆ ಹಣದ ಬೇಡಿಕೆಯೂ ಬಂದಿದ್ದರೆ ಏನನ್ನೂ ಕಳಿಸಬೇಡಿ; ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿ. ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ನೋಡಿಕೊಳ್ಳುವ ತಂತ್ರಜ್ಞರಿಗೂ ತಿಳಿಸಿ.