ಪತ್ತೇದಾರಿ ಕಾದಂಬರಿ: ಓದುವ ಬಗೆ, ವಿಮರ್ಶಿಸುವ ಬಗೆ

ಪತ್ತೇದಾರಿ ಕಾದಂಬರಿಯೆಂದರೆ ಪಠ್ಯಪುಸ್ತಕದ ಮರೆಯಲ್ಲಿ ಕದ್ದು ಓದುವ ಪುಸ್ತಕವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಹಿರಿಯರು ಅದನ್ನು ಕಾಲಹರಣವೆನ್ನುವರು. ಗುರುಗಳು ಕಸಿದು ಮೇಜಿನೊಳಗೆ ಇಡುವರು. ಆದರೆ ಸಾಕ್ಷ್ಯವಿಲ್ಲದೆ ಯಾರನ್ನೂ ತಪ್ಪಿತಸ್ಥರೆನ್ನಬಾರದೆಂಬ ದೊಡ್ಡ ಪಾಠವನ್ನು ಈ ಜಾತಿಯ ಕೃತಿಗಳಿಂದಲೇ ಕಲಿಸಬಹುದು. ಅದು ಹೇಗೆಂಬುದನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಈ ಪ್ರಕಾರವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಎನ್. ನರಸಿಂಹಯ್ಯನವರು ಪ್ರಮುಖರು. ಪ್ರಾಥಮಿಕ ಶಾಲೆಯ ಕೆಲವೇ ತರಗತಿಗಳನ್ನು ಓದಿದ್ದ ಅವರು ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿ, 2011ರಲ್ಲಿ ನಿಧನರಾದರು. ಅಕ್ಷರ ಕಲಿತ ಎಷ್ಟೋ ಜನರು ಓದಿನ ರುಚಿಯನ್ನು ಕಂಡದ್ದು ಇಂಥ ಪುಸ್ತಕಗಳಿಂದ. ಆಂಗ್ಲ ಸಾಹಿತ್ಯದಲ್ಲಿ ಇದೇ ಪ್ರಕಾರಕ್ಕೆ ಒಂದು ಶಿಸ್ತನ್ನು ತಂದವರಲ್ಲಿ ಶ್ರೀಮತಿ ಅಗಾಥಾ ಕ್ರಿಸ್ಟಿ (1890-1976) ಅಗ್ರಗಣ್ಯರು. ಅವರ ಪತ್ತೇದಾರಿ ಕಾದಂಬರಿಗಳೇ 66. ಬೆಲ್ಜಿಯಂ ದೇಶದ ಹರ್ಕ್ಯೂಲ್ ಪಾಯ್ರೋ ಹಾಗೂ ಹಳ್ಳಿಯ ವೃದ್ಧೆ ಮಿಸ್ ಮಾರ್ಪಲ್ ಅವರ ಪ್ರಸಿದ್ಧ ಪಾತ್ರಗಳು.

ಪತ್ತೇದಾರಿ ಕಥೆ ಹಿಂದಕ್ಕೆ ನಡೆಯುವ ಕಥೆ. ಕೊಲೆ ಮೊದಲು ಕಾಣುತ್ತದೆ. ಕಾರಣ ಕೊನೆಗೆ ತಿಳಿಯುತ್ತದೆ. ಈ ಕ್ರಮ ನಮಗೆ ಹೊಸತೇನಲ್ಲ. ನಮ್ಮ ಮುಧೋಳದ ಮಣ್ಣಿನಲ್ಲಿ ಹುಟ್ಟಿದ ಕವಿ ರನ್ನನು ಹತ್ತನೆಯ ಶತಮಾನದಲ್ಲಿಯೇ ಭಾರತಯುದ್ಧದ ಕೊನೆಯ ಘಟ್ಟದಲ್ಲಿ ನಿಂತು, ಸಿಂಹಾವಲೋಕನ ಕ್ರಮದಿಂದ ಹಿಂದಿನ ಕಥೆಯನ್ನೆಲ್ಲ ‘ಗದಾಯುದ್ಧ’ದಲ್ಲಿ ಅಡಗಿಸಿದನು. ರನ್ನನ ಕಥೆಯ ಕೊನೆ ಎಲ್ಲರೂ ಬಲ್ಲದ್ದು. ಪತ್ತೇದಾರಿಯಲ್ಲಿ ಅದು ಗುಪ್ತ. ಎರಡರ ಯೋಗ್ಯತೆಯೂ ಒಂದೇ ಎಂದು ಯಾರೂ ಹೇಳರು. ಆದರೂ ಹಿಂದೆ ನಡೆದುದನ್ನು ಅರಿಯದೆ ಇಂದಿನದಕ್ಕೆ ತೀರ್ಪು ಕೊಡಲಾಗದೆಂಬ ತತ್ತ್ವ ಎರಡಕ್ಕೂ ಸಮಾನ.

ಉತ್ತಮ ಪತ್ತೇದಾರಿ ಕಾದಂಬರಿಯ ಮೊದಲ ಧರ್ಮ ಪ್ರಾಮಾಣಿಕತೆ. ಪತ್ತೇದಾರನಿಗೆ ದೊರೆತ ಸುಳಿವು ಓದುಗನಿಗೂ ದೊರೆಯಬೇಕೆಂದು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕರು 1929ರಲ್ಲಿ ನಿಯಮವನ್ನೇ ಬರೆದರು. ಕ್ರಿಸ್ಟಿಯವರು 1926ರಲ್ಲಿ ಪ್ರಕಟಿಸಿದ, ರೋಜರ್ ಆಕ್ರಾಯ್ಡ್ ಎಂಬಾತನ ಕೊಲೆಯ ಕಾದಂಬರಿ ದೊಡ್ಡ ವಾದವನ್ನೆಬ್ಬಿಸಿತು. ಲೇಖಕಿ ಓದುಗರಿಗೆ ಮೋಸ ಮಾಡಿದರೆಂದು ಕೆಲವರು ಆಕ್ಷೇಪಿಸಿದರು. ಆದರೆ ಅದನ್ನು ಎರಡನೆಯ ಸಲ ಓದಿದವರಿಗೆ ಸುಳಿವುಗಳೆಲ್ಲ ಕಣ್ಣೆದುರೇ ಇದ್ದವೆಂಬುದು ಮನದಟ್ಟಾಗುತ್ತದೆ. ನೋಡಿಯೂ ಗಮನಿಸದಿದ್ದವನು ಓದುಗನೇ. ಆ ರಹಸ್ಯವನ್ನು ಇಲ್ಲಿ ಬಯಲು ಮಾಡುವುದು ಉಚಿತವಲ್ಲ.

ವಿಮರ್ಶಕನ ಕರ್ತವ್ಯವೂ ಇದರಿಂದಲೇ ಸ್ಪಷ್ಟವಾಗುತ್ತದೆ. ಅಪರಾಧಿಯ ಹೆಸರನ್ನು ಹೇಳದೆಯೇ ಆತನು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು. ಸುಳಿವುಗಳು ನ್ಯಾಯವಾಗಿ ಹಂಚಿವೆಯೇ? ಕೊನೆಯ ನಿರ್ಣಯ ಅವುಗಳಿಂದಲೇ ಹುಟ್ಟಿದೆಯೇ, ಆಕಸ್ಮಿಕದಿಂದಲೇ? ಕಥೆಯೊಳಗಿನ ತಿಳಿವಳಿಕೆ ನಿಜವೇ? ಮೊದಲನೆಯ ಮಹಾಯುದ್ಧದ ಕಾಲಕ್ಕೆ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದಿದ್ದ ಕ್ರಿಸ್ಟಿಯವರು ವಿಷಗಳ ಗುಣವನ್ನು ಬಲ್ಲವರಾಗಿದ್ದರು. 1920ರಲ್ಲಿ ಹೊರಬಂದ ಅವರ ಮೊದಲ ಕಾದಂಬರಿಯನ್ನು ಔಷಧಶಾಸ್ತ್ರದ ಪತ್ರಿಕೆಯೊಂದು ಈ ಕಾರಣಕ್ಕಾಗಿಯೇ ಮೆಚ್ಚಿತು. ರಬಕವಿ-ಬನಹಟ್ಟಿಯ ನೇಕಾರರು ಹಾಸು-ಹೊಕ್ಕುಗಳ ಒಂದೊಂದು ಎಳೆಯನ್ನೂ ಪರೀಕ್ಷಿಸುವಂತೆ ವಿಮರ್ಶಕನು ಕಥೆಯ ಹೆಣಿಗೆಯನ್ನು ಪರೀಕ್ಷಿಸಬೇಕು.

ಗುಣದೊಡನೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ಕ್ರಿಸ್ಟಿಯವರ ಎಷ್ಟೋ ಪಾತ್ರಗಳು ಚದುರಂಗದ ಕಾಯಿಗಳಂತಿವೆ. ಸತ್ತವರಿಗಾಗಿ ಅಳುವವರು ವಿರಳ. ಪರದೇಶೀಯರ ಕುರಿತು ಆ ಕಾಲದ ಆಂಗ್ಲರಲ್ಲಿದ್ದ ತಾತ್ಸಾರವೂ ಅಲ್ಲಲ್ಲಿ ಇಣುಕುತ್ತದೆ. 1939ರ ಒಂದು ಕಾದಂಬರಿಯ ಮೂಲ ಶೀರ್ಷಿಕೆಯೇ ಕಪ್ಪು ಜನರನ್ನು ಹೀಯಾಳಿಸುವ ಪದವನ್ನು ಒಳಗೊಂಡಿದ್ದು, ಮುಂದೆ ಅದನ್ನು ಕೈಬಿಡಬೇಕಾಯಿತು. ವಿದ್ಯಾರ್ಥಿಗಳಿಗೆ ಇದನ್ನು ಮರೆಮಾಚದೆ ತಿಳಿಸುವುದು ಲೇಸು.

ನಮ್ಮ ಶಿಕ್ಷಕ ಬಂಧುಗಳು ಒಂದು ಸುಲಭ ಪ್ರಯೋಗವನ್ನು ಮಾಡಬಹುದು. ತರಗತಿಯಲ್ಲಿ ಇಂಥದೊಂದು ಕಥೆಯನ್ನು ಓದಿ, ಕೊನೆಯ ಅಧ್ಯಾಯಕ್ಕೆ ಮೊದಲೇ ನಿಲ್ಲಿಸಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಸಂಶಯ ಯಾರ ಮೇಲೆ, ಯಾವ ಪುಟದ ಯಾವ ಸಂಗತಿಯ ಆಧಾರದಿಂದ ಎಂಬುದನ್ನು ಬರೆಯಲಿ. ಬಳಿಕ ಕೊನೆಯನ್ನು ಓದಿ, ತನ್ನ ತರ್ಕ ಎಲ್ಲಿ ಜಾರಿತೆಂಬುದನ್ನು ತಾನೇ ಗುರುತಿಸಲಿ. ಹೆಸರು ಸರಿಯಾದುದಕ್ಕೆ ಅಂಕವಿಲ್ಲ. ಆಧಾರ ಸರಿಯಿದ್ದುದಕ್ಕೆ ಅಂಕ. ಹಲವರ ಸಂಶಯ ಮನೆಗೆಲಸದವನ ಮೇಲೆಯೋ ಊರಿಗೆ ಹೊಸಬನ ಮೇಲೆಯೋ ಹೋಗಿದ್ದರೆ, ಅದೇಕೆಂದು ಗುರುಗಳು ಕೇಳಲಿ. ಪುಸ್ತಕದ ಪಾಠ ಬದುಕಿನ ಪಾಠವಾಗುವುದು ಆ ಪ್ರಶ್ನೆಯಲ್ಲಿ.

ಜಮಖಂಡಿಯಾಗಲಿ ಬೀಳಗಿಯಾಗಲಿ, ಯಾವ ಊರಿನಲ್ಲಿಯೂ ಗಾಳಿಮಾತಿಗೆ ಬರವಿಲ್ಲ. ಒಂದು ಕಳವಾದೊಡನೆ ಬಡವನ ಮನೆಯತ್ತ ಬೆರಳು ಚಾಚುವುದು ಲೋಕರೂಢಿ. ಆ ಬೆರಳನ್ನು ತಡೆದು “ಸಾಕ್ಷ್ಯವೆಲ್ಲಿ?” ಎಂದು ಕೇಳುವ ಒಬ್ಬ ವಿದ್ಯಾರ್ಥಿಯನ್ನು ಶಾಲೆ ಸಿದ್ಧಪಡಿಸಿದರೆ, ಕಸಿದಿಟ್ಟ ಆ ಪುಸ್ತಕವನ್ನು ಮೇಜಿನಿಂದ ತೆಗೆದು ವಾಚನಾಲಯದ ಕಪಾಟಿನಲ್ಲಿರಿಸಿದ್ದು ಸಾರ್ಥಕವಾದೀತು.