ನಿಧಾನವಾಗುವುದು ಬೇರೆ, ಮರೆಯುವುದು ಬೇರೆ



ನಾನು ವೈದ್ಯನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ‘ಮರೆವು’ ಎಂಬ ಒಂದೇ ಪದದಡಿ ಎರಡು ಬೇರೆ ಸಂಗತಿಗಳು ಸೇರಿಹೋಗುತ್ತಿವೆ. ಅದಕ್ಕಾಗಿ, ಓದಿ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ವಯಸ್ಸಾದಂತೆ ಮೊದಲು ತಗ್ಗುವುದು ಯೋಚನೆಯ ವೇಗ. ಇದು ನಿವೃತ್ತಿಯ ದಿನ ಶುರುವಾಗುವುದಲ್ಲ, ಮೂವತ್ತು ದಾಟುವಾಗಲೇ ಮೆಲ್ಲನೆ ಇಳಿಯತೊಡಗುತ್ತದೆ. ಪದಸಂಪತ್ತು, ವೃತ್ತಿಯ ತಿಳಿವಳಿಕೆ ಮಾತ್ರ ಅರವತ್ತರ ನಂತರವೂ ಗಟ್ಟಿಯಾಗಿರುತ್ತವೆ. ಕೌಂಟರಿನಲ್ಲಿ ನಾನು ಕಂಡದ್ದೂ ಅದೇ. ಠೇವಣಿಯ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಪಿಂಚಣಿದಾರರು ಒಟಿಪಿ ಒತ್ತುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು! ಇದು ರೋಗವಲ್ಲ. ನಾಲಿಗೆಯ ತುದಿಯಲ್ಲಿದ್ದ ಹೆಸರು ಸಂಜೆಗೆ ಹೊಳೆಯುವುದೂ ರೋಗವಲ್ಲ.

ಕೇಳಿದ್ದನ್ನೇ ಗಂಟೆಗೆ ನಾಲ್ಕು ಸಲ ಕೇಳುವುದು, ದಿನವೂ ನಡೆಯುವ ದಾರಿಯೇ ತಪ್ಪುವುದು, ವರ್ಷಗಟ್ಟಲೆ ಮಾಡಿದ ಸಾರಿನ ಕ್ರಮವೇ ಮರೆಯುವುದು – ಇವು ಬೇರೆ. ಆಗ ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕಿವಿ ಮಂದವಾಗುವುದು, ಕೆಲವು ನಿದ್ದೆ ಮಾತ್ರೆಗಳು ಕೂಡ ಮರೆವಿನಂತೆ ಕಾಣಿಸಬಹುದು. ಇವಕ್ಕೆ ಚಿಕಿತ್ಸೆ ಇದೆ. ಮೊದಲೆರಡು ಸಾಧಾರಣ ರಕ್ತಪರೀಕ್ಷೆಯಲ್ಲೇ ಗೊತ್ತಾಗುತ್ತವೆ.

ಹೊರನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ನೆನಪಿನ ಪರೀಕ್ಷೆಯಲ್ಲಿ ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಬಳಿಕ ತಿರುಗಿ ಹೇಳಿಸುತ್ತಾರೆ. ಊರಿನಿಂದ ಪುಣೆಯ ಮಗನ ಮನೆಗೆ ಬಂದ ಅಜ್ಜಿಯನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹಾಗೆ ಪರೀಕ್ಷಿಸಿದರೆ ಅಳತೆಯಾಗುವುದು ಭಾಷೆ, ನೆನಪಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ವೈದ್ಯರನ್ನು ಕೇಳಿ, ಸಂಕೋಚ ಬೇಡ.

ಬಹುಭಾಷಿಕರಿಗೆ ಒಂದು ಸಮಾಧಾನವೂ ಇದೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಬರಲಿಲ್ಲವೆಂದಲ್ಲ, ತಡವಾಯಿತು. ಮೊಮ್ಮಕ್ಕಳೊಂದಿಗೆ ಕನ್ನಡ ಆಡಲು ಇದೂ ಒಂದು ನೆಪವಾಗಲಿ.

ಈ ವರ್ಷ ನಿಮ್ಮ ದೇಣಿಗೆಯ ಒಂದು ಭಾಗವನ್ನು ಹಿರಿಯರ ರಕ್ತಪರೀಕ್ಷೆ ಮತ್ತು ಶ್ರವಣ ಸಾಧನಗಳಿಗೆ ಮೀಸಲಿಡಬೇಕೆಂದು ಕೋರುತ್ತೇನೆ. ಹಣಕ್ಕಿಂತ ಹೆಚ್ಚಾಗಿ ಬೇಕಾದವರು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಕನ್ನಡದಲ್ಲಿ ವಿವರಿಸಬಲ್ಲವರು. ತಿಂಗಳಿಗೊಂದು ಬೆಳಗ್ಗೆ ಬಿಡುವಿದ್ದವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿ.