ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದೆ

"ಮುಟ್ಟು ನಿಲ್ಲೋ ವಯಸ್ಸು ಕಣೇ, ಎಲ್ಲರಿಗೂ ಹೀಗೇ" ಎಂದು ಅಕ್ಕ ಅಂದಾಗ ನಾನೂ ಹೂಂಗುಟ್ಟಿದ್ದೆ. ನನಗಾಗ 47. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಸುಸ್ತು, ಮರೆವು, ಬಾಚಣಿಗೆ ತುಂಬ ಕೂದಲು, ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆದೆ. ಆದರೆ ಮೈ ಬಿಸಿಯೇರಬೇಕಾದ ಕಾಲದಲ್ಲಿ ನಾನು ಮೇ ತಿಂಗಳ ಸೆಕೆಯಲ್ಲೂ ಫ್ಯಾನ್ ಆರಿಸಿ ಶಾಲು ಹೊದ್ದು ಕೂರುತ್ತಿದ್ದೆ. ದನಿ ಗೊಗ್ಗರಾಗಿತ್ತು. ಮದುವೆಯ ಉಂಗುರ ಸೋಪು ಹಚ್ಚಿದರೂ ಬೆರಳು ಬಿಟ್ಟು ಬರುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಲು ಒಂದು ವರ್ಷ ಹೋಯಿತು. ಸಾಮಾನ್ಯವಾಗಿ 4ರ ಆಸುಪಾಸು ದಾಟಬಾರದ ಟಿಎಸ್‌ಎಚ್ (ಥೈರಾಯ್ಡ್ ಕುಂದಿದರೆ ಏರುವ ಹಾರ್ಮೋನು) 14 ಇತ್ತು.

50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಶುರುವಾಯಿತು. ಎರಡು ತಿಂಗಳ ಮೇಲೆ ನೋಡಿದರೆ 11. "ಮಾತ್ರೆ ಹೇಗೆ ತಗೋತೀರಮ್ಮ?" ಎಂದು ಡಾಕ್ಟರು ಕೇಳಿದರು. ಬೆಳಗಿನ ಕಾಫಿ ಜೊತೆಗೆ, ತಿಂಡಿಯಾದ ಮೇಲೆ ಕ್ಯಾಲ್ಸಿಯಂ ಮಾತ್ರೆ, ಎಂದೆ. ಅವರು ಪೆನ್ನು ಕೆಳಗಿಟ್ಟರು. ಕಾಫಿಯೂ ಕ್ಯಾಲ್ಸಿಯಮ್ಮೂ ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಕಬ್ಬಿಣಾಂಶದ ಮಾತ್ರೆಯೂ ಅಷ್ಟೇ. ಅಂದಿನಿಂದ ತಲೆದಿಂಬಿನ ಪಕ್ಕದಲ್ಲೇ ಮಾತ್ರೆ, ಒಂದು ಚೊಂಬು ನೀರು. ಐದೂವರೆಗೆ ಎದ್ದವಳೇ ನುಂಗುತ್ತೇನೆ. ಡಿಕಾಕ್ಷನ್ ಘಮ ಮನೆ ತುಂಬಿದ್ದರೂ ಆರೂವರೆವರೆಗೆ ಕಾಫಿ ಮುಟ್ಟುವುದಿಲ್ಲ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಯಿತು. ಎರಡರ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು. ಡೋಸ್ ಏರಿಸದೆಯೇ ಟಿಎಸ್‌ಎಚ್ 3.2ಕ್ಕೆ ಇಳಿಯಿತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಸುಸ್ತು ಇನ್ನೂ ಪೂರ್ತಿ ಹೋಗಿರಲಿಲ್ಲ. ಬೇರೊಂದು ಕಡೆ ಹೋಗಿ, ಹಟ ಹಿಡಿದು 100 ಮೈಕ್ರೋಗ್ರಾಂ ಬರೆಸಿಕೊಂಡೆ. ಎಂಟು ತಿಂಗಳು ಪರೀಕ್ಷೆಯನ್ನೇ ಮಾಡಿಸಲಿಲ್ಲ. ರಾತ್ರಿ ಬೆವರು, ಎದೆ ಡವಡವ, ನಿದ್ದೆಯಿಲ್ಲ. ಆಗಲೂ ಮುಟ್ಟು ನಿಲ್ಲುವ ಕಾಲದ ಬಿಸಿಯೇ ಇರಬೇಕೆಂದುಕೊಂಡೆ. ಟಿಎಸ್‌ಎಚ್ 0.08 ಇತ್ತು, ಮಾತ್ರೆ ಅತಿಯಾಗಿತ್ತು. ಮುಟ್ಟು ನಿಂತ ಮೇಲೆ ಮೂಳೆ ಹೇಗೂ ಸವೆಯುತ್ತದೆ. ಥೈರಾಕ್ಸಿನ್ ಅತಿಯಾದರೆ ಇನ್ನೂ ಬೇಗ ಸವೆಯುತ್ತದೆ, ಹೃದಯದ ಬಡಿತವೂ ತಾಳ ತಪ್ಪಬಹುದು ಎಂದು ನಮ್ಮ ಡಾಕ್ಟರು ಹೇಳಿದಾಗ ನಿಜಕ್ಕೂ ಹೆದರಿದೆ. ಡೋಸ್ ಇಳಿಸಿದರು.

ಈಗಲೂ ಕೆಲವು ರಾತ್ರಿ ಮೈ ಬಿಸಿಯೇರಿ ಎಚ್ಚರವಾಗುತ್ತದೆ. ಅದು ಮುಟ್ಟು ನಿಂತದ್ದರದು, ಥೈರಾಯ್ಡ್ ಮಾತ್ರೆಯಿಂದ ಹೋಗುವಂಥದ್ದಲ್ಲ. ಯಾವುದು ಯಾವುದರದು ಎಂದು ಊಹೆಯಿಂದ ತಿಳಿಯುವುದಿಲ್ಲ. ನಲವತ್ತೈದು ದಾಟಿದ ಅಕ್ಕತಂಗಿಯರೇ, ಸುಸ್ತನ್ನು ವಯಸ್ಸಿನ ತಲೆಗೆ ಕಟ್ಟುವ ಮುಂಚೆ ಒಮ್ಮೆ ಟಿಎಸ್‌ಎಚ್ ಮಾಡಿಸಿ. ಡೋಸ್ ಬದಲಾದಾಗಲೆಲ್ಲ ಆರರಿಂದ ಎಂಟು ವಾರ ಬಿಟ್ಟು ಮತ್ತೆ ಮಾಡಿಸಿ.